‘ಬ್ಯಾಕ್‌ವರ್ಡ್’ ಅಂದರೆ ಯಾವ ಕಡೆಗೆ?

ಇಂಗ್ಲಿಷಿನ ‘ಬ್ಯಾಕ್‌ವರ್ಡ್’ ಎಂಬ ಪದ ನಮಗೆ ಯಾರಿಗೂ ಹೊಸದಲ್ಲ. ಸ್ಕಾಲರ್‌ಶಿಪ್ ನೋಟಿಸಿನಲ್ಲಿ ಅದು ಇದೆ. ಜಾತಿ ಪ್ರಮಾಣ ಪತ್ರದಲ್ಲಿ ಇದೆ. ಕ್ಲಾಸ್ ಟೆಸ್ಟ್ ಮುಗಿದ ಮೇಲೆ ಓದಿ ಹೇಳುವ ಪಟ್ಟಿಯ ಮೇಲೂ ಎಷ್ಟೋ ಸಲ ಇರುತ್ತದೆ. ಕ್ಯಾಂಟೀನಿನಲ್ಲಿ ಒಬ್ಬರನ್ನೊಬ್ಬರು ಗೇಲಿ ಮಾಡುವಾಗ ‘ಏ, ನೀನು ತುಂಬಾ ಬ್ಯಾಕ್‌ವರ್ಡ್ ಕಣೋ’ ಅನ್ನುವುದೂ ಇದೇ ಪದದಿಂದ. ಇಷ್ಟೆಲ್ಲ ಕಡೆ ಓಡಾಡುವ ಪದದ ಅರ್ಥ ಏನು ಎಂದು ಕೇಳಿದರೆ ‘ಹಿಂದೆ’ ಅಂತ ಹೇಳಿ ಸುಮ್ಮನಾಗುತ್ತೇವೆ. ಯಾವುದರ ಹಿಂದೆ, ಯಾರಿಗಿಂತ ಹಿಂದೆ, ಯಾವ ಕಡೆ ಮುಖ ಮಾಡಿದವರಿಗೆ ಹಿಂದೆ ಎಂದು ಕೇಳುವುದಿಲ್ಲ. ಕೇಳಬೇಕು ಎಂಬುದೇ ಈ ಲೇಖನದ ವಾದ.

ಮೊದಲು ವ್ಯಾಕರಣ. ಈ ಪದ ಎರಡು ಕೆಲಸ ಮಾಡುತ್ತದೆ. ಕ್ರಿಯಾವಿಶೇಷಣವಾದಾಗ ಅದು ದಿಕ್ಕನ್ನು ಹೇಳುತ್ತದೆ: ಹಿಂದಕ್ಕೆ ನಡೆದ, ಹಿಂದಕ್ಕೆ ನೋಡಿದ, ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸಿದ. ಇಂಥ ಕಡೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕೊನೆಗೆ ‘ಎಸ್’ ಸೇರಿಸಿ ‘ಬ್ಯಾಕ್‌ವರ್ಡ್ಸ್’ ಎಂದು ಬರೆಯುತ್ತಾರೆ. ಅಮೆರಿಕದವರು ಹೆಚ್ಚಾಗಿ ‘ಎಸ್’ ಇಲ್ಲದೆಯೇ ಬರೆಯುತ್ತಾರೆ. ವಿಶೇಷಣವಾದಾಗ ಮಾತ್ರ ಎರಡೂ ಕಡೆ ‘ಎಸ್’ ಇಲ್ಲ: ‘ಬ್ಯಾಕ್‌ವರ್ಡ್ ಗ್ಲಾನ್ಸ್’ ಅಂದರೆ ಹಿಂತಿರುಗಿ ನೋಡಿದ ನೋಟ, ‘ಬ್ಯಾಕ್‌ವರ್ಡ್ ಏರಿಯಾ’ ಅಂದರೆ ಹಿಂದುಳಿದ ಪ್ರದೇಶ. ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಅಂಕ ಸಿಗುತ್ತದೆ. ಆದರೆ ಬದುಕಿನಲ್ಲಿ ತೊಂದರೆ ಶುರುವಾಗುವುದು ಈ ಎರಡನೆಯ ಕೆಲಸದಿಂದಲೇ. ಕ್ರಿಯಾವಿಶೇಷಣ ಒಂದು ಕ್ರಿಯೆಯ ಬಗ್ಗೆ ಮಾತಾಡುತ್ತದೆ. ನಡೆಯುವುದು ನಿಂತರೆ ಅದರ ಕೆಲಸವೂ ಮುಗಿಯಿತು. ವಿಶೇಷಣ ಹಾಗಲ್ಲ. ಅದು ವ್ಯಕ್ತಿಗೆ ಅಂಟಿಕೊಂಡು ಕೂತುಬಿಡುತ್ತದೆ.

ಪದದ ಒಳಗೆ ಏನಿದೆ ನೋಡೋಣ. ‘ಬ್ಯಾಕ್’ ಅಂದರೆ ಬೆನ್ನು. ‘ವರ್ಡ್’ ಅಂದರೆ ‘ಆ ಕಡೆಗೆ ತಿರುಗಿದ’ ಎಂದರ್ಥ. ‘ಫಾರ್ವರ್ಡ್’, ‘ಅಪ್‌ವರ್ಡ್’, ‘ಹೋಮ್‌ವರ್ಡ್’ ಎಲ್ಲದರಲ್ಲೂ ಇರುವುದು ಇದೇ ಪ್ರತ್ಯಯ. ಆಸ್ಪತ್ರೆಯ ವಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ‘ತಿರುಗು’ ಎಂಬ ಅರ್ಥದ ಒಂದು ಬಹಳ ಹಳೆಯ ಧಾತುವಿನಿಂದ ಇದು ಬಂದಿದೆ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಾವು ಕನ್ನಡದಲ್ಲಿ ಬಳಸುವ ‘ಪರಿವರ್ತನೆ’, ‘ಆವರ್ತನ’ ಎಂಬ ಸಂಸ್ಕೃತ ಪದಗಳಲ್ಲಿರುವ ‘ವರ್ತ’ ಕೂಡ ಅದೇ ಮೂಲದ್ದು. ‘ರಿವರ್ಸ್’ ಎಂಬ ಪದದ ಬಾಲವೂ ಲ್ಯಾಟಿನ್ ಮೂಲಕ ಅಲ್ಲಿಂದಲೇ ಬಂದದ್ದು. ಆದ್ದರಿಂದ ಪದದ ಮೂಲ ಅರ್ಥದಲ್ಲಿ ದಡ್ಡತನವೂ ಇಲ್ಲ, ಬಡತನವೂ ಇಲ್ಲ. ಬೆನ್ನಿನ ಕಡೆಗೆ ತಿರುಗಿದ್ದು, ಅಷ್ಟೆ. ‘ಆಕ್ವರ್ಡ್’ ಎಂಬ ಪದಕ್ಕೂ ಇದೇ ಗತಿ ಆಗಿದೆ. ಮೊದಲು ಅದಕ್ಕೆ ‘ತಪ್ಪು ದಿಕ್ಕಿಗೆ ತಿರುಗಿದ’ ಎಂಬ ಅರ್ಥವಿತ್ತು. ಈಗ ನಾಲ್ಕು ಜನರ ಮುಂದೆ ಕೈಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತವರಿಗೆ ಹೇಳುತ್ತಾರೆ. ದಿಕ್ಕಿನ ಪದ ಮನುಷ್ಯರ ಗುಣದ ಪದವಾಗಿಬಿಟ್ಟಿತು.

ದಿಕ್ಕಿನ ಪದಕ್ಕೆ ಒಂದು ನಿಯಮವಿದೆ. ನೋಡುವವರು ಎಲ್ಲಿ ನಿಂತಿದ್ದಾರೆ ಎಂದು ಹೇಳದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇದನ್ನು ದಿನಾ ನೋಡಬಹುದು. ಡ್ರೈವರ್ ಬಸ್ಸನ್ನು ರಿವರ್ಸ್ ತೆಗೆದುಕೊಳ್ಳುವಾಗ ಕಂಡಕ್ಟರ್ ಹಿಂದೆ ಹೋಗಿ ನಿಂತು, ಬಸ್ಸಿನ ಮೈ ತಟ್ಟುತ್ತಾ, ‘ಬರ್ಲಿ, ಬರ್ಲಿ, ಬರ್ಲಿ’ ಅನ್ನುತ್ತಾರೆ. ‘ಹೋಗ್ಲಿ’ ಅನ್ನುವುದಿಲ್ಲ. ಡ್ರೈವರ್‌ಗೆ ಬಸ್ಸು ಹಿಂದಕ್ಕೆ ಹೋಗುತ್ತಿದೆ, ಕಂಡಕ್ಟರ್‌ಗೆ ಅದೇ ಬಸ್ಸು ತನ್ನ ಕಡೆಗೆ ಬರುತ್ತಿದೆ. ಬಸ್ಸು ಒಂದೇ, ಚಲನೆ ಒಂದೇ, ಪದ ಎರಡು. ಇಬ್ಬರೂ ಹೇಳುವುದು ನಿಜ.

ಹಿಂದಕ್ಕೆ ಹೋಗುವುದು ಯಾವಾಗಲೂ ಕೆಟ್ಟದ್ದೂ ಅಲ್ಲ. ಗದ್ದೆಯಲ್ಲಿ ಭತ್ತದ ನಾಟಿ ಮಾಡುವವರು ಹಿಂದೆ ಹಿಂದೆ ಸರಿಯುತ್ತಾ ನೆಡುತ್ತಾರೆ. ಮುಂದೆ ಮುಂದೆ ಹೋದರೆ ತಾವು ನೆಟ್ಟ ಸಸಿಯನ್ನು ತಾವೇ ತುಳಿಯಬೇಕಾಗುತ್ತದೆ. ಮನೆಯಲ್ಲಿ ನೆಲ ಒರೆಸುವವರೂ ಹಾಗೆಯೇ ಬಾಗಿಲ ಕಡೆಗೆ ಹಿಂದೆ ಸರಿಯುತ್ತಾ ಬರುತ್ತಾರೆ. ಯಕ್ಷಗಾನದಲ್ಲಿ ಭಾಗವತರು ಮತ್ತು ಮದ್ದಲೆ, ಚೆಂಡೆಯವರು ಸೇರಿದ ಗುಂಪಿಗೆ ಹಿಮ್ಮೇಳ ಎಂದು ಹೆಸರು. ಕುಣಿಯುವ ಮುಮ್ಮೇಳವನ್ನು ನಡೆಸುವುದು ಹಿಂದೆ ಕೂತ ಆ ಹಿಮ್ಮೇಳವೇ. ನಮ್ಮ ವಾಣಿಜ್ಯದಲ್ಲೂ ‘ಬ್ಯಾಕ್‌ವರ್ಡ್ ಇಂಟಿಗ್ರೇಷನ್’ ಎಂಬುದು ಹೊಗಳಿಕೆಯ ಮಾತು. ಬೇಕರಿ ನಡೆಸುವವರು ಹಿಟ್ಟನ್ನು ಹೊರಗೆ ಕೊಳ್ಳುವ ಬದಲು ಸ್ವಂತ ಗಿರಣಿ ಹಾಕಿಕೊಂಡರೆ ಅದನ್ನು ಹಾಗೆ ಕರೆಯುತ್ತಾರೆ. ಕಚ್ಚಾ ಸಾಮಗ್ರಿಯ ಕಡೆಗೆ, ಅಂದರೆ ಹಿಂದಿನ ಹಂತಕ್ಕೆ, ವ್ಯಾಪಾರ ಬೆಳೆಯಿತು ಎಂದು ಅರ್ಥ. ಅಕೌಂಟೆನ್ಸಿಯ ಅನುಪಾತದ ಲೆಕ್ಕಗಳನ್ನು ನೆನಪು ಮಾಡಿಕೊಳ್ಳಿ. ಚಾಲ್ತಿ ಅನುಪಾತ 2.5:1, ದುಡಿಯುವ ಬಂಡವಾಳ 60,000 ರೂಪಾಯಿ ಎಂದು ಮಾತ್ರ ಕೊಟ್ಟಿರುತ್ತಾರೆ. ಉತ್ತರದಿಂದ ಹಿಂದಕ್ಕೆ ನಡೆದು ಚಾಲ್ತಿ ಆಸ್ತಿ 1,00,000, ಚಾಲ್ತಿ ಹೊಣೆ 40,000 ಎಂದು ನಾವು ಕಂಡುಹಿಡಿಯಬೇಕು. ಈ ಲೆಕ್ಕ ಬರುವವರನ್ನು ನಾವು ಜಾಣರು ಅನ್ನುತ್ತೇವೆ.

ಈಗ ನಮ್ಮ ಮನೆಯ ಮಾತು. ನಮ್ಮದು ಉರ್ದು ಮಾತಾಡುವ ಮನೆ. ಈ ಕಾಲೇಜಿನಲ್ಲಿ ನನ್ನ ಹಾಗೆ ಬಹಳ ಜನ ಇದ್ದಾರೆ. ಉರ್ದು ಪುಸ್ತಕ ಕೈಯಲ್ಲಿ ಕಂಡರೆ ‘ನಿಮ್ಮದು ಉಲ್ಟಾ ಬರವಣಿಗೆ ಅಲ್ವಾ?’ ಎಂದು ಬೇರೆ ಸ್ನೇಹಿತರು ಕೇಳುತ್ತಾರೆ. ತಮಾಷೆಗೆ ಕೇಳುತ್ತಾರೆ, ನನಗೆ ಬೇಸರವಿಲ್ಲ. ಆದರೆ ‘ಉಲ್ಟಾ’ ಎಂಬ ಪದವೇ ಉರ್ದು, ಹಿಂದಿಗಳಿಂದ ಕನ್ನಡಕ್ಕೆ ಬಂದದ್ದು. ಮನೆಯಲ್ಲಿ ನಾವು ಬಲಗೈಯನ್ನು ‘ಸೀಧಾ ಹಾಥ್’ ಅನ್ನುತ್ತೇವೆ, ಎಡಗೈಯನ್ನು ‘ಉಲ್ಟಾ ಹಾಥ್’ ಅನ್ನುತ್ತೇವೆ. ಉರ್ದು ಬರವಣಿಗೆ ಬಲಗಡೆಯಿಂದ, ಅಂದರೆ ಸೀಧಾ ಕಡೆಯಿಂದ, ಶುರುವಾಗುತ್ತದೆ. ಹಾಗಾಗಿ ನನ್ನ ದಾದಿಯ ಲೆಕ್ಕದಲ್ಲಿ ಉಲ್ಟಾ ಕಡೆಯಿಂದ ಶುರುವಾಗುವುದು ಕನ್ನಡ ಮತ್ತು ಇಂಗ್ಲಿಷು! ಬೆಂಗಳೂರಿನ ಉರ್ದು ಪತ್ರಿಕೆ ‘ಸಾಲಾರ್’ ಕೈಗೆತ್ತಿಕೊಂಡರೆ ಕನ್ನಡ ಪತ್ರಿಕೆಯ ಕೊನೆಯ ಪುಟ ಇರುವ ಕಡೆ ಅದರ ಮೊದಲ ಪುಟ ಇರುತ್ತದೆ. ಇನ್ನೂ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಉರ್ದುವಿನಲ್ಲಿ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಸಂಖ್ಯೆಗಳನ್ನು ಬರೆಯುವುದು ಎಡದಿಂದ ಬಲಕ್ಕೇ. 1947 ಎಂದು ಬರೆಯುವಾಗ 1 ಎಡಗಡೆಯೇ ಇರುತ್ತದೆ. ದಾದಿ ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನೊಳಗೆ ಪೆನ್ನು ಎರಡೂ ದಿಕ್ಕಿಗೆ ಓಡುತ್ತದೆ. ಲೆಕ್ಕ ಮಾತ್ರ ಒಂದು ರೂಪಾಯಿಯೂ ತಪ್ಪುವುದಿಲ್ಲ. ಕಾಲದ ವಿಷಯದಲ್ಲೂ ಹೀಗೆಯೇ. ಉರ್ದುವಿನ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ‘ಕಲ್ ಆಯಾ’ ಅಂದರೆ ನಿನ್ನೆ, ‘ಕಲ್ ಆಯೇಗಾ’ ಅಂದರೆ ನಾಳೆ. ದಿಕ್ಕನ್ನು ಹೇಳುವುದು ಕ್ರಿಯಾಪದ.

ಇಷ್ಟು ಹೇಳಿದ್ದು ಭಾಷೆಯ ಚಮತ್ಕಾರ ತೋರಿಸಲು ಅಲ್ಲ. ಬಸ್ಸಿನ ವಿಷಯದಲ್ಲಿ, ಬರವಣಿಗೆಯ ವಿಷಯದಲ್ಲಿ ನಮಗೆ ಸುಲಭವಾಗಿ ಅರ್ಥವಾಗುವುದು ಮನುಷ್ಯರ ವಿಷಯ ಬಂದ ಕೂಡಲೇ ಮರೆತುಹೋಗುತ್ತದೆ. ಒಬ್ಬ ಹುಡುಗನನ್ನು ‘ಬ್ಯಾಕ್‌ವರ್ಡ್’ ಅಂದಾಗ, ಹೇಳಿದವರು ಎಲ್ಲಿ ನಿಂತು ಹೇಳಿದರು ಎಂದು ಯಾರೂ ಕೇಳುವುದಿಲ್ಲ. ಹತ್ತನೆಯ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದವರು ಇಲ್ಲಿಗೆ ಬಂದು ಮೊದಲ ವಾರವೇ ಡೆಬಿಟ್, ಕ್ರೆಡಿಟ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ಅವರು ಸುಮ್ಮನೆ ಕೂತಿರುತ್ತಾರೆ. ಕನ್ನಡ ಮಾಧ್ಯಮದಿಂದ, ಹಳ್ಳಿಯಿಂದ ಬಂದವರೂ ಹಾಗೆಯೇ ಕೂತಿರುತ್ತಾರೆ. ಸುಮ್ಮನೆ ಕೂತವರಿಗೆ ಲೆಕ್ಕ ಬರುವುದಿಲ್ಲ ಎಂದೇನೂ ಅಲ್ಲ. ಪ್ರಶ್ನೆ ಇರುವ ಭಾಷೆ ಅವರಿಗೆ ಹೊಸದು. ಇಂಗ್ಲಿಷಿನ ಕಡೆ ಮುಖ ಮಾಡಿ ನಿಂತು ನೋಡಿದರೆ ಅವರು ಹಿಂದೆ ಇದ್ದಾರೆ. ಅಂಗಡಿಯ ಗಲ್ಲಾ ಪೆಟ್ಟಿಗೆಯ ಕಡೆಯಿಂದ ನೋಡಿದರೆ ಅವರಲ್ಲಿ ಎಷ್ಟೋ ಜನ ನಮ್ಮೆಲ್ಲರಿಗಿಂತ ಮುಂದೆ ಇದ್ದಾರೆ. ಸಂಜೆ ಹೊತ್ತು ಅಪ್ಪನ ಅಂಗಡಿಯಲ್ಲಿ ಕೂತು ಬಾಯಿ ಲೆಕ್ಕದಲ್ಲೇ ಚಿಲ್ಲರೆ ಕೊಡುವವರು ಅವರು.

ಕನ್ನಡದಲ್ಲಿ ಈ ಪದಕ್ಕೆ ‘ಹಿಂದುಳಿದ’ ಎನ್ನುತ್ತೇವೆ. ಹಿಂದೆ ಉಳಿದ ಎಂದು ಬಿಡಿಸಬೇಕು. ಉರ್ದುವಿನಲ್ಲಿ ‘ಪಸ್‌ಮಾಂದಾ’ ಎನ್ನುತ್ತೇವೆ. ಇದು ಫಾರಸಿಯಿಂದ ಬಂದದ್ದು: ‘ಪಸ್’ ಅಂದರೆ ಹಿಂದೆ, ‘ಮಾಂದಾ’ ಅಂದರೆ ಉಳಿದ. ಎರಡು ಭಾಷೆಯವರೂ ಪದವನ್ನು ಕಟ್ಟಿದ ರೀತಿ ಒಂದೇ. ಎರಡರಲ್ಲೂ ಒಂದು ಕೊರತೆಯೂ ಒಂದೇ. ‘ಉಳಿ’ ಎಂಬುದು ಅಕರ್ಮಕ ಧಾತು ಎಂದು ನಮ್ಮ ಕನ್ನಡ ವ್ಯಾಕರಣದ ಪಾಠ ಹೇಳುತ್ತದೆ. ಉಳಿದವರು ತಾವಾಗಿಯೇ ಉಳಿದರು ಎಂಬಂತೆ ಅದು ಕೇಳಿಸುತ್ತದೆ. ಎಲ್ಲರೂ ನಡೆದು ಹೋದರು, ಇವರು ಮರದ ನೆರಳಿನಲ್ಲಿ ಕೂತುಬಿಟ್ಟರು ಎಂಬಂತೆ. ಶಾಲೆ ಎಷ್ಟು ದೂರ ಇತ್ತು, ದಾರಿ ಯಾರು ಮುಚ್ಚಿದರು, ಹೊಟ್ಟೆಪಾಡಿಗೆ ಎಷ್ಟನೆಯ ತರಗತಿಗೆ ಓದು ಬಿಟ್ಟರು ಎಂಬುದಕ್ಕೆ ಆ ಪದದಲ್ಲಿ ಜಾಗವಿಲ್ಲ. ‘ಹಿಂದುಳಿದ’ ಎನ್ನುವ ಬದಲು ‘ಹಿಂದುಳಿಸಿದ’ ಎಂದು ಒಂದು ಅಕ್ಷರ ಸೇರಿಸಿ ನೋಡಿ. ಆಗ ‘ಯಾರು ಉಳಿಸಿದರು?’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಕಾನೂನು ಈ ಪದವನ್ನು ಹೇಗೆ ಬಳಸಿದೆ ಎಂಬುದನ್ನು ನಾವು ಬಳಸುವ ರೀತಿಯ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ನಾಡಿನಲ್ಲಿ ಇದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1918ರಲ್ಲಿ, ಮೈಸೂರು ಸಂಸ್ಥಾನವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಸರ್ಕಾರಿ ನೌಕರಿಯಲ್ಲಿ ಸಾಕಷ್ಟು ಪಾಲು ಸಿಗದ ಸಮುದಾಯಗಳಿಗೆ ದಾರಿ ಹೇಗೆ ಮಾಡಿಕೊಡುವುದು ಎಂಬುದು ಅದರ ಮುಂದಿದ್ದ ಪ್ರಶ್ನೆ. ಅಲ್ಲಿ ‘ಹಿಂದುಳಿದ’ ಎಂಬುದನ್ನು ಅಳೆದದ್ದು ಬುದ್ಧಿಯಿಂದ ಅಲ್ಲ, ಕಚೇರಿಯ ಕುರ್ಚಿಗಳಲ್ಲಿ ಯಾರು ಎಷ್ಟು ಇದ್ದಾರೆ ಎಂಬ ಲೆಕ್ಕದಿಂದ. ಆ ಲೆಕ್ಕದಲ್ಲಿ ಸಂಸ್ಥಾನದ ಬಹುಪಾಲು ಜನ ಹಿಂದುಳಿದವರೇ ಆಗಿದ್ದರು.

ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ 15(4)ನೇ ವಿಧಿ ಸೇರಿತು. ಅಲ್ಲಿರುವುದು ಬರೀ ‘ಹಿಂದುಳಿದ ವರ್ಗ’ ಅಲ್ಲ, ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗ’. ಆ ಎರಡು ಕ್ರಿಯಾವಿಶೇಷಣಗಳನ್ನು ಗಮನಿಸಿ. ಯಾವ ದಿಕ್ಕಿನಲ್ಲಿ ಹಿಂದೆ ಎಂಬುದನ್ನು ಸಂವಿಧಾನ ಸ್ಪಷ್ಟವಾಗಿ ಹೇಳಿದೆ. ಇದು ಬರೀ ಮಾತಿನ ಅಲಂಕಾರವೂ ಅಲ್ಲ. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಒಟ್ಟು ಶೇಕಡ 68ರಷ್ಟು ಸೀಟು ಮೀಸಲಿಟ್ಟು ಆದೇಶ ಹೊರಡಿಸಿದಾಗ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಬಾಲಾಜಿ ಮತ್ತು ಮೈಸೂರು ರಾಜ್ಯದ ನಡುವಿನ ಆ ಪ್ರಸಿದ್ಧ ಮೊಕದ್ದಮೆಯಲ್ಲಿ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಸಾಮಾಜಿಕ ‘ಅಥವಾ’ ಶೈಕ್ಷಣಿಕ ಅಲ್ಲ, ಸಾಮಾಜಿಕ ‘ಮತ್ತು’ ಶೈಕ್ಷಣಿಕ, ಎರಡೂ ಬೇಕು ಎಂದಿತು. ಜಾತಿಯೊಂದೇ ಅಳತೆಗೋಲಾಗಬಾರದು ಎಂದೂ ಹೇಳಿತು. ದೇಶದ ಅತಿ ದೊಡ್ಡ ನ್ಯಾಯಾಲಯ ಒಂದು ‘ಮತ್ತು’ವಿನ ಮೇಲೆ ಕೂತು ಯೋಚಿಸಿದೆ. ನಾವು ಕ್ಯಾಂಟೀನಿನಲ್ಲಿ ಆ ಮುಂದಿನ ಎರಡೂ ಪದಗಳನ್ನು ತೆಗೆದು ಬಿಸಾಡಿ ಬರೀ ‘ಬ್ಯಾಕ್‌ವರ್ಡ್’ ಎಂದು ಉಳಿಸಿಕೊಂಡಿದ್ದೇವೆ. ಹಾಗೆ ಕತ್ತರಿಸಿದ ಕೂಡಲೇ ಅದು ಬೈಗುಳವಾಗುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಅರ್ಥಶಾಸ್ತ್ರದ್ದು. ಪ್ರಾದೇಶಿಕ ಅಸಮಾನತೆಯ ಬಗ್ಗೆ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳನ್ನು ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ ಮುಂತಾದ 35 ಸೂಚಕಗಳಿಂದ ಅಳೆದರು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗೆ ಬಂದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದರು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಇಲ್ಲಿ ‘ಯಾರಿಗಿಂತ ಹಿಂದೆ?’ ಎಂಬುದಕ್ಕೆ ಉತ್ತರವಿದೆ: ರಾಜ್ಯದ ಸರಾಸರಿಗಿಂತ. ‘ಯಾವುದರಲ್ಲಿ?’ ಎಂಬುದಕ್ಕೂ ಉತ್ತರವಿದೆ: ಆ 35 ವಿಷಯಗಳಲ್ಲಿ. ‘ಎಷ್ಟು?’ ಎಂಬುದಕ್ಕೂ ಉತ್ತರವಿದೆ. ಇದನ್ನು ಓದಿ ಆ ತಾಲ್ಲೂಕಿನ ಜನ ನಾಚಿಕೊಳ್ಳಬೇಕಾಗಿಲ್ಲ. ನಮ್ಮ ಪಾಲಿನ ರಸ್ತೆ, ಆಸ್ಪತ್ರೆ, ಕಾಲೇಜು ಎಲ್ಲಿ ಎಂದು ಕೇಳುವ ಹಕ್ಕು ಅವರಿಗೆ ಸಿಕ್ಕಿತು. ದೇಶದ ಮುಸ್ಲಿಮರ ಸ್ಥಿತಿಗತಿಯ ಬಗ್ಗೆ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯೂ ಓದು, ಉದ್ಯೋಗ, ಬ್ಯಾಂಕ್ ಸಾಲಗಳನ್ನು ಹೀಗೆ ಅಂಕಿಗಳಲ್ಲಿಯೇ ನೋಡಿತು. ಅಳೆದು ಹೇಳಿದಾಗ ಅದು ಲೆಕ್ಕ. ಬ್ಯಾಲೆನ್ಸ್ ಶೀಟಿನಲ್ಲಿ ಬರಬೇಕಾದ ಬಾಕಿಯನ್ನು ತೋರಿಸಿದ ಹಾಗೆ.

ಇದು ನಮಗೆ ಯಾಕೆ ಮುಖ್ಯ? ಈ ಪದದ ನಾಚಿಕೆಯಿಂದ ನಮ್ಮ ನಡುವೆ ಹಣದ ನಷ್ಟ ಆಗುತ್ತಿದೆ. ನನ್ನ ಗೆಳತಿಯೊಬ್ಬಳು ಸ್ಕಾಲರ್‌ಶಿಪ್ ಅರ್ಜಿಯನ್ನೇ ಹಾಕಲಿಲ್ಲ. ಅವಳ ಅಬ್ಬಾ ಬಾಡಿಗೆ ಆಟೊ ಓಡಿಸುತ್ತಾರೆ. ಅಕೌಂಟೆನ್ಸಿಯಲ್ಲಿ ಅವಳನ್ನು ಮೀರಿಸುವವರು ಕಡಿಮೆ. ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣ ಪತ್ರ ಮಾಡಿಸು, ಆರ್‌ಡಿ ನಂಬರ್ ಸಿಗುತ್ತದೆ, ಮೊಬೈಲಿನಲ್ಲೇ ಅರ್ಜಿ ತುಂಬೋಣ ಎಂದರೆ ಅವಳು ಕೇಳಿದ್ದು ಒಂದೇ ಮಾತು: ‘ನಾನು ಬ್ಯಾಕ್‌ವರ್ಡ್ ಅಂತ ನಾನೇ ಬರ್ಕೊಡ್ಬೇಕಾ? ಕ್ಲಾಸಲ್ಲಿ ಎಲ್ರ ಮುಂದೆ ಆ ಲಿಸ್ಟ್ ಓದ್ತಾರೆ.’ ಕೊನೆಯ ದಿನಾಂಕ ಕಳೆದುಹೋಯಿತು. ಆ ಹಣ ಬಂದಿದ್ದರೆ ಅವಳ ಬಸ್ ಪಾಸು, ಪುಸ್ತಕ, ಪರೀಕ್ಷೆಯ ಫೀಜಿಗೆ ಆಗುತ್ತಿತ್ತು. ಈಗ ಅವಳು ರಾತ್ರಿ ಹೊತ್ತು ಬ್ಲೌಸುಗಳಿಗೆ ಹೆಮ್ಮಿಂಗ್ ಮಾಡಿ ಆ ಹಣ ಕೂಡಿಸುತ್ತಿದ್ದಾಳೆ. ಒಂದು ಪದದ ತಪ್ಪು ಅರ್ಥಕ್ಕೆ ಕಟ್ಟಿದ ಬೆಲೆ ಇದು.

ಅವಳಿಗೆ ನಾನು ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಪ್ರಮಾಣ ಪತ್ರದಲ್ಲಿರುವ ಪದ ನಿನ್ನ ಬಗ್ಗೆ ಅಲ್ಲ. ನಿನ್ನ ಜೊತೆಗೆ ಆ ಪಟ್ಟಿಯಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಎಷ್ಟೋ ಧರ್ಮ, ಎಷ್ಟೋ ಜಾತಿಯ ಜನ ಇದ್ದಾರೆ. ಕುವೆಂಪು ಅವರ ಸಮುದಾಯದ ಮಕ್ಕಳೂ ಅದೇ ಪಟ್ಟಿಯಲ್ಲಿ ಇದ್ದಾರೆ. ಆ ಪದ ಹೇಳುವುದು ನಿನ್ನ ತಲೆಯ ಬಗ್ಗೆ ಅಲ್ಲ, ನಿನ್ನ ದಾದಾ, ಪರದಾದಾ ಕಾಲದಿಂದ ಸಿಗಬೇಕಾಗಿದ್ದು ಸಿಗದೆ ಉಳಿದ ಬಾಕಿಯ ಬಗ್ಗೆ. ಬಾಕಿ ವಸೂಲಿಗೆ ಹೋಗುವವರು ತಲೆ ತಗ್ಗಿಸಿಕೊಂಡು ಹೋಗಬೇಕಾಗಿಲ್ಲ.

‘ಹಾಗಾದರೆ ಆ ಪದವನ್ನೇ ಬದಲಾಯಿಸಿಬಿಡಬಹುದಲ್ಲ?’ ಎಂದು ಕೆಲವರು ಕೇಳುತ್ತಾರೆ. ಚರ್ಚೆಯಲ್ಲಿ ನನ್ನ ಸಹಪಾಠಿಯೊಬ್ಬ ‘ಅವಕಾಶ ವಂಚಿತ’ ಎಂಬ ಪದ ಸೂಚಿಸಿದ. ಒಳ್ಳೆಯ ಪದ, ಅದರಲ್ಲಿ ವಂಚನೆ ನಡೆದಿದೆ ಎಂಬುದಾದರೂ ಇದೆ. ಆದರೆ ಪದ ಬದಲಾದರೆ ಸಾಲದು. ಗೇಲಿ ಮಾಡುವವರು ನಾಳೆ ‘ಏ ವಂಚಿತ’ ಎಂದು ಕರೆಯುತ್ತಾರೆ. ಬಳಸುವ ಮನಸ್ಸು ಹಳೆಯದೇ ಇದ್ದರೆ ಹೊಸ ಪದ ಎರಡೇ ದಿನದಲ್ಲಿ ಮಾಸುತ್ತದೆ. ಜೊತೆಗೆ, ಕಾನೂನಿನಲ್ಲಿ ಆ ಪದ ಒಂದು ಬೀಗದ ಕೀಲಿ ಕೈ ಇದ್ದ ಹಾಗೆ. ಅದನ್ನು ಎಸೆದರೆ ಬಾಗಿಲೂ ಮುಚ್ಚುತ್ತದೆ. ಕೀಲಿ ಕೈಯನ್ನು ಬಾಗಿಲಿಗೆ ಬಳಸೋಣ, ಒಬ್ಬರ ಮುಖಕ್ಕೆ ಎಸೆಯುವುದು ಬೇಡ.

‘ದಿಕ್ಕು ನೋಡುವವರ ಮೇಲೆ ನಿಂತಿದೆ ಎಂದರೆ ಯಾರೂ ಹಿಂದೆ ಇಲ್ಲ ಎಂದಾಯಿತಲ್ಲ, ಮತ್ತೆ ಸೌಲಭ್ಯ ಯಾಕೆ?’ ಎಂದೂ ಕೇಳಬಹುದು. ಇದು ಸರಿಯಾದ ಪ್ರಶ್ನೆ. ಡ್ರೈವರ್ ಮತ್ತು ಕಂಡಕ್ಟರ್ ಬೇರೆ ಬೇರೆ ಪದ ಬಳಸಿದರೂ ಬಸ್ಸಿಗೂ ಗೋಡೆಗೂ ನಡುವೆ ಇರುವ ಅಂತರ ಒಂದೇ, ಅದನ್ನು ಟೇಪ್ ಹಿಡಿದು ಅಳೆಯಬಹುದು. ಹಾಗೆಯೇ ಓದಿನಲ್ಲಿ, ಆದಾಯದಲ್ಲಿ, ನೌಕರಿಯಲ್ಲಿ ಇರುವ ಅಂತರ ನಿಜ. ಅದನ್ನು ಅಳೆಯಬೇಕು, ತುಂಬಬೇಕು. ಅಂತರವನ್ನು ಮನುಷ್ಯರ ಗುಣ ಎಂದು ಓದುವುದನ್ನು ಮಾತ್ರ ನಿಲ್ಲಿಸಬೇಕು.

ನಮ್ಮ ಉಪನ್ಯಾಸಕರಲ್ಲಿಯೂ ಒಂದು ವಿನಂತಿ ಇದೆ. ಟೆಸ್ಟಿನಲ್ಲಿ ಕಡಿಮೆ ಅಂಕ ಬಂದವರಿಗೆ ನೀವು ಸಂಜೆ ಉಳಿದು ಪಾಠ ಮಾಡುತ್ತೀರಿ, ಮನೆಗೆ ಹೋಗುವುದು ತಡವಾದರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದು ನಮಗೆ ಗೊತ್ತಿದೆ, ಕೃತಜ್ಞತೆಯೂ ಇದೆ. ಆದರೆ ಆ ಪಟ್ಟಿಯ ಮೇಲೆ ‘ಬ್ಯಾಕ್‌ವರ್ಡ್ ಸ್ಟೂಡೆಂಟ್ಸ್’ ಎಂದು ಇದ್ದರೆ ಹೆಸರು ಇರುವ ಅರ್ಧ ಜನ ಕ್ಲಾಸಿಗೇ ಬರುವುದಿಲ್ಲ. ‘ಸವಕಳಿ ಲೆಕ್ಕಗಳಿಗೆ ಹೆಚ್ಚಿನ ತರಗತಿ ಬೇಕಾದವರು’ ಎಂದು ಬರೆದರೆ ಎಲ್ಲರೂ ಬರುತ್ತಾರೆ. ಆಗ ಯಾವ ವಿಷಯದಲ್ಲಿ ಹಿಂದೆ ಎಂಬುದು ಸ್ಪಷ್ಟವಾಗುತ್ತದೆ. ಸವಕಳಿ ಬಂದ ದಿನ ಪಟ್ಟಿಯಿಂದ ಹೊರಗೆ ಹೋಗುವ ದಾರಿಯೂ ಕಾಣುತ್ತದೆ. ಸ್ಕಾಲರ್‌ಶಿಪ್ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಬದಲು ಕಚೇರಿಯಲ್ಲಿ ಒಬ್ಬೊಬ್ಬರಿಗೇ ತಿಳಿಸಿದರೆ ಇನ್ನೂ ಹತ್ತು ಅರ್ಜಿ ಹೆಚ್ಚು ಬಂದಾವು.

ಸ್ನೇಹಿತರಲ್ಲಿ ಕೇಳುವುದು ಇಷ್ಟೆ. ಅರ್ಜಿಯ ಕೊನೆಯ ದಿನಾಂಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಅದು ಯಾವ ಕಡೆಯಿಂದ ತೆರೆಯುವ ಪುಟವಾದರೂ ಸರಿ. ಆದಾಯ ಪ್ರಮಾಣ ಪತ್ರದ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಅರ್ಜಿ ತುಂಬಲು ಬಾರದವರಿಗೆ ಬರುವವರು ಕೂತು ತುಂಬಿಕೊಡಿ. ಇನ್ನು ಮುಂದೆ ಯಾರಾದರೂ ನಿಮ್ಮನ್ನೋ ನಿಮ್ಮ ಊರನ್ನೋ ‘ಬ್ಯಾಕ್‌ವರ್ಡ್’ ಎಂದರೆ ಜಗಳಕ್ಕೆ ಹೋಗಬೇಡಿ. ಸಮಾಧಾನವಾಗಿ ಮೂರು ಪ್ರಶ್ನೆ ಕೇಳಿ: ಯಾವುದರಲ್ಲಿ? ಯಾರಿಗಿಂತ? ಯಾಕೆ? ಉತ್ತರ ಗೊತ್ತಿದ್ದವರು ನಿಮ್ಮ ಜೊತೆ ಕೂತು ಮಾತಾಡುತ್ತಾರೆ. ಗೊತ್ತಿಲ್ಲದವರು ಆ ಪದವನ್ನು ಎರಡನೆಯ ಸಲ ಬಳಸುವ ಮುಂಚೆ ಸ್ವಲ್ಪ ಯೋಚಿಸುತ್ತಾರೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ